ಆತಂಚನವೂ ಹೆಪ್ಪೂ

ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡ, ಐದನೆಯ ಪ್ರಪಾಠಕದ ಮೂರನೆಯ ಅನುವಾಕದಲ್ಲಿ ಹಾಲನ್ನು ಮೊಸರಾಗಿಸುವ ದ್ರವ್ಯಗಳ ಎಣಿಕೆಯೊಂದು ಬಂದಿದೆ. ವೇದಾಧ್ಯಾಯಿಗಳು ಇದನ್ನು ಬಾಲ್ಯದಲ್ಲಿಯೇ ಕಂಠಸ್ಥ ಮಾಡುವರು; ಆದರೆ ನಮ್ಮ ಮನೆಗಳ ಅಡಿಗೆಮನೆಯ ಚರಿತ್ರೆಗೆ ಇದೊಂದು ಆಧಾರವೆಂದು ಭಾವಿಸಿದವರು ವಿರಳ. ನಾನೂ ಭಾವಿಸಿರಲಿಲ್ಲ. ಅಷ್ಟೇ ಅಲ್ಲ, ಅನೇಕ ವರ್ಷಗಳ ಕಾಲ ಶಿಷ್ಯರಿಗೆ ಈ ಭಾಗವನ್ನು ತಪ್ಪಾಗಿ ಪಾಠ ಹೇಳಿದೆನು. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಈ ಕೆಲವು ಮಾತುಗಳನ್ನು ವಿದ್ವಾಂಸರ ಮುಂದಿಡುತ್ತೇನೆ.

ಪ್ರಕರಣವು ದರ್ಶೇಷ್ಟಿಯ ಸಾನ್ನಾಯ್ಯದ್ದು. ಸೋಮಯಾಜಿಯಾದ ಯಜಮಾನನು ಸಂಜೆ ಹಸುಗಳನ್ನು ಕರೆಯಿಸಿ, ಆ ಹಾಲನ್ನು ಕುಂಭಿಯಲ್ಲಿ ಕಾಯಿಸಿ, ರಾತ್ರಿಯಿಡೀ ಹೆಪ್ಪುಗೊಳ್ಳಲು ಬಿಟ್ಟು, ಮರುದಿನ ಬೆಳಗ್ಗೆ ಕರೆದು ಕಾಯಿಸಿದ ಹಾಲಿನೊಡನೆ ಆ ಮೊಸರನ್ನು ಇಂದ್ರನಿಗೆ ಅರ್ಪಿಸುತ್ತಾನೆ. ಇದಕ್ಕೆ ಶ್ರುತಿಯು ಹೇಳುವ ಕಥೆ ಹೀಗೆ: ವೃತ್ರನನ್ನು ಕೊಂದ ಇಂದ್ರನ ವೀರ್ಯವು ಅವನನ್ನು ಬಿಟ್ಟು ಓಷಧಿಗಳನ್ನು ಸೇರಿತು, ಪ್ರಜಾಪತಿಯ ಮಾತಿನಂತೆ ಪಶುಗಳು ಅದನ್ನು ಓಷಧಿಗಳಿಂದ ತಮ್ಮೊಳಕ್ಕೆ ಸಂಗ್ರಹಿಸಿದುವು, ಹಾಲಾಗಿ ಕರೆದುದು ಇಂದ್ರನಲ್ಲಿ ನೆಲೆಗೊಳ್ಳಲಿಲ್ಲ, ಕಾಯಿಸಿದುದು ನೆಲೆಗೊಂಡರೂ ತೃಪ್ತಿಯನ್ನು ಕೊಡಲಿಲ್ಲ, ಮೊಸರು ಮಾಡಿದಾಗ ತೃಪ್ತಿಯಾಯಿತು. ಆ ತೃಪ್ತಿಯಿಂದಲೇ ದಧಿಯೆಂಬ ಹೆಸರನ್ನು ಶ್ರುತಿಯು ವ್ಯುತ್ಪಾದಿಸುತ್ತದೆ. ವೈಯಾಕರಣರು ಇದನ್ನೊಪ್ಪದಿದ್ದರೂ ಉಣ್ಣುವವರು ಒಪ್ಪುವರು.

ಇನ್ನು ಎಣಿಕೆಗೆ ಬರೋಣ. ಪೂತೀಕದಿಂದಾಗಲಿ ಪರ್ಣದ, ಎಂದರೆ ಮುತ್ತುಗದ, ತೊಗಟೆಯಿಂದಾಗಲಿ ಹೆಪ್ಪಿಟ್ಟರೆ ಅದು ಸೋಮನದಾಗುವುದು, ಕ್ವಲ, ಎಂದರೆ ಬೋರೆಹಣ್ಣಿನಿಂದಾದರೆ ರಾಕ್ಷಸರದು, ಅಕ್ಕಿಯಿಂದಾದರೆ ವಿಶ್ವೇದೇವರದು, ಆತಂಚನದಿಂದಾದರೆ ಮನುಷ್ಯರದು, ಮೊಸರಿನಿಂದಾದರೆ ಇಂದ್ರನದು. ಆದುದರಿಂದ ಮೊಸರಿನಿಂದಲೇ ಹೆಪ್ಪಿಡಬೇಕೆಂದು ವಿಧಿ. ಪೂತೀಕವು ಸೋಮಲತೆಗೆ ಪ್ರತಿನಿಧಿ. ಪರ್ಣವು ಸೋಮವನ್ನು ತರುವಾಗ ಬಿದ್ದ ಎಲೆಯಿಂದ ಹುಟ್ಟಿದುದೆಂದು ಅದೇ ಶಾಖೆಯಲ್ಲಿ ಪ್ರಸಿದ್ಧಿಯುಂಟು. ಹೀಗೆ ಇವೆರಡಕ್ಕೂ ಸೋಮಸಂಬಂಧವು ಸುಲಭವಾಗಿ ತಿಳಿಯುತ್ತದೆ. ಆತಂಚನವೆಂಬುದು ಇಲ್ಲಿ ಮೊಸರಿಗಿಂತ ಬೇರೆಯಾಗಿರುವುದರಿಂದ ಅದು ಹುಳಿಮಜ್ಜಿಗೆಯೇ ಮೊದಲಾದ ಲೌಕಿಕ ದ್ರವ್ಯವೆಂದು ನನ್ನ ಮತ.

ನಾನು ಪಾಠ ಹೇಳುತ್ತಿದ್ದುದೇನೆಂದರೆ: ನಹಿನಿಂದಾನ್ಯಾಯದಂತೆ ಉಳಿದ ದ್ರವ್ಯಗಳ ನಿಂದೆಯು ಮೊಸರಿನ ಸ್ತುತಿಗಾಗಿಯೇ ಹೊರತು ಅದಕ್ಕೆ ಸ್ವಾರ್ಥದಲ್ಲಿ ತಾತ್ಪರ್ಯವಿಲ್ಲ, ಆದುದರಿಂದ ಬೋರೆಹಣ್ಣಿನಿಂದ ಯಾರು ಹೆಪ್ಪಿಟ್ಟರು, ತೊಗಟೆಯಿಂದ ಯಾರು ಹೆಪ್ಪಿಟ್ಟರು ಎಂದು ಕೇಳುವುದು ಕಾಕದಂತಪರೀಕ್ಷೆ. ಮೀಮಾಂಸೆಯ ಮಟ್ಟಿಗೆ ಇದು ನಿರ್ದುಷ್ಟವೇ. ಆದರೆ ವಿಧಿಯ ಅರ್ಥವನ್ನು ನಿರ್ಣಯಿಸುವುದು ಬೇರೆ, ಆ ಕಾಲದ ಲೋಕವ್ಯವಹಾರವನ್ನು ಅರಿಯುವುದು ಬೇರೆ. ಕೇಳುವವರಿಗೆ ಗೊತ್ತೇ ಇಲ್ಲದ ವಸ್ತುವನ್ನು ಕೀಳುಮಾಡಿ ಮತ್ತೊಂದನ್ನು ಹೊಗಳಿದರೆ ಆ ಹೊಗಳಿಕೆಗೆ ಬಲವೆಲ್ಲಿ? ಮನುಷ್ಯರದು ಎಂಬ ಮಾತೇ ಮನೆಗಳಲ್ಲಿ ಬಳಕೆಯಿತ್ತೆಂಬುದಕ್ಕೆ ಸಾಕ್ಷಿ. ಮೇಲಾಗಿ ಆಪಸ್ತಂಬ ಶ್ರೌತಸೂತ್ರದ ಮೊದಲನೆಯ ಪ್ರಶ್ನದಲ್ಲಿ ಪೂತೀಕ, ಕ್ವಲ, ಅಕ್ಕಿ, ಪರ್ಣದ ತೊಗಟೆ ಇವುಗಳನ್ನೇ ಹೆಪ್ಪಿನ ವಿಕಲ್ಪಗಳೆಂದು ಹೇಳಿದೆ. ಶ್ರುತಿಯು ರಾಕ್ಷಸರಿಗೆ ಬಿಟ್ಟುಕೊಟ್ಟ ಬೋರೆಹಣ್ಣು ಕೂಡ ಅಲ್ಲಿದೆ. ನಡೆಯದ ಮಾತಿಗೆ ಪ್ರಯೋಗಶಾಸ್ತ್ರದಲ್ಲಿ ಸ್ಥಳವಿರಲಾರದು. ಈ ಸೂತ್ರವನ್ನು ನಾನು ಓದಿದ್ದೆನು, ಓದಿಯೂ ಯೋಚಿಸಲಿಲ್ಲ.

ಯೋಚಿಸುವಂತೆ ಮಾಡಿದುದು ಒಂದು ಹಳೆಯ ನೆನಪು. ನನಗೆ ಹತ್ತು ಹನ್ನೊಂದು ವರ್ಷ ವಯಸ್ಸಾಗಿದ್ದಾಗ ಒಂದು ಸಂಜೆ ಮನೆಯ ಮೊಸರಿನ ಪಾತ್ರೆಗೆ ಬೆಕ್ಕು ಬಾಯಿಹಾಕಿತು. ದೀಪ ಹಚ್ಚಿದ ಮೇಲೆ ನೆರೆಮನೆಯಿಂದ ಹೆಪ್ಪು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ನನ್ನ ತಾಯಿಯವರು ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಬಿಸಿಗೆ ಆರಿಸಿ, ನಾಲ್ಕಾರು ಮೆಣಸಿನಕಾಯಿಗಳ ತೊಟ್ಟುಗಳನ್ನು ಅದರಲ್ಲಿ ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಟ್ಟರು. ಬೆಳಗಿನ ಮೊಸರು ತೆಳುವಾಗಿತ್ತು, ರುಚಿಯೂ ಅಷ್ಟಕ್ಕಷ್ಟೆ. ಅವರು ಅದನ್ನು ನಮಗೆ ಬಡಿಸದೆ ಹಾಗೆಯೇ ಹೆಪ್ಪಾಗಿ ಇಟ್ಟುಕೊಂಡರು. ಎರಡನೆಯ ದಿನದ ಮೊಸರು ಎಂದಿನಂತಾಯಿತು. ಆ ದಿನಗಳಲ್ಲಿಯೇ ನಾನು ಪಾಠಶಾಲೆಯಲ್ಲಿ ಮೇಲ್ಕಂಡ ಅನುವಾಕವನ್ನು ಗಟ್ಟಿಮಾಡುತ್ತಿದ್ದೆನು. ಎರಡನ್ನೂ ಕೂಡಿಸಿ ನೋಡಲು ನನಗೆ ನಾಲ್ವತ್ತು ವರ್ಷ ಹಿಡಿಯಿತು.

ಮೆಣಸಿನಕಾಯಿಯು ನಮ್ಮ ದೇಶದ್ದಲ್ಲ. ಅದರ ತವರು ಅಮೆರಿಕಾ ಖಂಡ. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದ ತರುವಾಯ, ಪೋರ್ತುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಯನ್ನು ಸೇರಿತು. ಆದುದರಿಂದ ತೊಟ್ಟಿನ ಹೆಪ್ಪಿಗೆ ಐದುನೂರು ವರ್ಷಗಳಿಗಿಂತ ಹೆಚ್ಚಿನ ಪ್ರಾಚೀನತೆಯನ್ನು ಕಲ್ಪಿಸಲಾಗದು. ಆದರೆ ಗಿಡದ ಅಂಗವೊಂದನ್ನು ಹಾಲಿಗಿಟ್ಟು ಮೊಸರು ಪಡೆಯುವ ಉಪಾಯವು ಸಂಹಿತೆಯಷ್ಟು ಹಳೆಯದು. ತೊಗಟೆಯೂ ಬೋರೆಯೂ ಕುಳಿತಿದ್ದ ಮಣೆಯ ಮೇಲೆ ಹೊಸದಾಗಿ ಬಂದ ಮೆಣಸಿನಕಾಯಿಯು ಕುಳಿತಿತೆಂದು ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಭೇದವನ್ನು ಹೇಳಬೇಕು. ಹುಳಿಯ ಬಲದಿಂದ ಹಾಲು ಒಡೆಯುವುದು ಬೇರೆ, ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸಿ ಅದನ್ನು ಕಟ್ಟುವುದು ಬೇರೆ. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೋವನು ಜಿನೀವಾ ನಗರದಲ್ಲಿ ತನ್ನ ನಾಡಿನ ಮೊಸರನ್ನು ಪರೀಕ್ಷಿಸಿ ದಂಡಾಕಾರದ ಜೀವಿಯೊಂದನ್ನು ಗುರುತಿಸಿದನು. 2007ರಲ್ಲಿ ಅದೇ ದೇಶದ ಶೋಧಕರು, ಮೊಸರಿನಲ್ಲಿರುವ ಆ ಜಾತಿಯ ಜೀವಿಗಳನ್ನು ಗಿಡಗಳ ಮೇಲಿಂದಲೂ ಬೇರ್ಪಡಿಸಿದುದಾಗಿ ಪ್ರಕಟಿಸಿದರು. ಇಂದ್ರನ ವೀರ್ಯವು ಓಷಧಿಗಳಲ್ಲಿ ಅಡಗಿತ್ತೆಂಬ ಕಥೆಯನ್ನು ಇದಕ್ಕೆ ಹೊಂದಿಸಿ, ಋಷಿಗಳಿಗೆ ಸೂಕ್ಷ್ಮದರ್ಶಕವಿತ್ತೆಂದು ಹಿಗ್ಗುವವರ ಗುಂಪಿಗೆ ನಾನು ಸೇರಿದವನಲ್ಲ. ಗಿಡದಿಂದ ಮೊಸರು ಹುಟ್ಟುವುದನ್ನು ಕಣ್ಣಾರೆ ಕಂಡವರು ಅಂತಹ ಕಥೆಯನ್ನು ಹೇಳಿದರೆ ಆಶ್ಚರ್ಯವೇನೂ ಇಲ್ಲವೆಂದಷ್ಟೇ ನನ್ನ ಮಾತು.

ಈ ಗೃಹವಿದ್ಯೆಯು ಯಾಗಶಾಲೆಯಿಂದ ಮನೆಗೆ ಇಳಿದುದೋ, ಮನೆಯಿಂದ ಯಾಗಶಾಲೆಗೆ ಏರಿದುದೋ? ಎರಡನೆಯದೇ ಯುಕ್ತವೆಂದು ತೋರುತ್ತದೆ. ಹಿಂದಿಯ ದಹಿಯು ದಧಿಯ ತದ್ಭವ. ಆದರೆ ನಮ್ಮ ಮೊಸರು, ತೆಲುಗರ ಪೆರುಗು, ತಮಿಳರ ತಯಿರ್ ಇವು ಮೂರೂ ದೇಶ್ಯಗಳು, ಒಂದಕ್ಕೊಂದು ಸಂಬಂಧವಿಲ್ಲದವು. ಹೆಪ್ಪು ಎಂಬುದೂ ದೇಶ್ಯವೇ. ವಸ್ತುವನ್ನು ಶ್ರೌತಿಗಳಿಂದ ಕಲಿತಿದ್ದರೆ ಹೆಸರನ್ನೂ ಅವರಿಂದ ಪಡೆಯುತ್ತಿದ್ದರು.

ಮೊಸರಿನಿಂದ ಹೆಪ್ಪಿಟ್ಟ ಮೇಲೆ ಅಗ್ನಿಹೋತ್ರದಲ್ಲಿ ಉಳಿದುದನ್ನೂ ಅದಕ್ಕೆ ಸೇರಿಸಬೇಕೆಂದು ಶ್ರುತಿಯು ಹೇಳುತ್ತದೆ. ಯಜ್ಞದ ಸಂತತಿಗಾಗಿ, ಎಂದರೆ ಎಳೆ ಕಡಿಯದಿರಲೆಂದು. ಪಾತ್ರೆಯ ತಳದಲ್ಲಿ ಒಂದು ಚಮಚೆಯಷ್ಟನ್ನು ಉಳಿಸದೆ ಬಳಿದುಕೊಂಡ ಮಕ್ಕಳನ್ನು ಗದರುವ ಗೃಹಿಣಿಯ ಚಿಂತೆಯೂ ಇದೇ. ತೈತ್ತಿರೀಯ ಬ್ರಾಹ್ಮಣವು ಹೆಪ್ಪಿಟ್ಟ ಕುಂಭಿಯನ್ನು ಮಣ್ಣಿನ ಪಾತ್ರೆಯಿಂದ ಮುಚ್ಚಬಾರದು, ಲೋಹದ ಅಥವಾ ಮರದ ಪಾತ್ರೆಯಲ್ಲಿ ನೀರಿಟ್ಟು ಮುಚ್ಚಬೇಕೆನ್ನುತ್ತದೆ; ನೀರು ರಕ್ಷೋಘ್ನವೆಂಬುದು ಅಲ್ಲಿ ಕೊಟ್ಟ ಕಾರಣ. ನೀರು ತುಂಬಿದ ಮುಚ್ಚಳವು ಬೆಕ್ಕನ್ನೂ ತಡೆಯುವುದು.

ಕಳೆದ ಮಾಘದಲ್ಲಿ ಈ ಅನುವಾಕವನ್ನು ಮತ್ತೆ ಪಾಠ ಹೇಳುವಾಗ, ಶಿಷ್ಯರ ಕೈಯಲ್ಲಿ ನಾಲ್ಕು ಬಟ್ಟಲು ಹಾಲನ್ನು ಕೊಟ್ಟು, ಮುತ್ತುಗದ ತೊಗಟೆ, ಬೋರೆ, ಅಕ್ಕಿ, ಮೆಣಸಿನಕಾಯಿಯ ತೊಟ್ಟು ಇವುಗಳನ್ನು ಒಂದೊಂದರಲ್ಲಿ ಹಾಕಿಸಿದೆನು. ತೊಗಟೆಯದು ಕೆಂಪಾಗಿ ಕೆಟ್ಟಿತು. ಬೋರೆಯದು ಒಡೆಯಿತು. ಅಕ್ಕಿಯದೂ ತೊಟ್ಟಿನದೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಕಟ್ಟಿದುವು.