ಹಳೇ ಮನೆ ಸರಣಿ – 4: ಕಂಬದ ಬುಡ ನೋಡಿ

ಚನ್ನರಾಯಪಟ್ಟಣದ ಕಡೆ ಹಳೇ ತೊಟ್ಟಿ ಮನೆ ಕಂಡ್ರೆ ಮೊದಲು ಕಂಬದ ಬುಡ ನೋಡಿ. ಮರ ನೆಲಕ್ಕೆ ತಾಗಿರಲ್ಲ, ಕೆಳಗೆ ಕಲ್ಲಿನ ಪೀಠ ಇರುತ್ತೆ. ನೆಲದ ತೇವ ಮರಕ್ಕೆ ಏರಲ್ಲ, ಗೆದ್ದಲು ಹತ್ತಿದ್ರೂ ಬೇಗ ಕಣ್ಣಿಗೆ ಬೀಳುತ್ತೆ.

ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆಯಲ್ಲೂ ಇದೇ ಲೆಕ್ಕ. ಹೈದರ್ ಅಲಿ ಶುರು ಮಾಡಿದ್ದನ್ನ ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1791ರಲ್ಲಿ ಮುಗಿಸಿದ. ಆಮೇಲೆ 1868ರವರೆಗೂ ಅಲ್ಲಿ ಬ್ರಿಟಿಷರ ಕಚೇರಿ ಇತ್ತು. ತೇಗದ ಕಂಬಗಳು ಇವತ್ತಿಗೂ ನಿಂತಿವೆ. ದೂರದ ಮಲೇಷ್ಯಾದ ಹಳೇ ಮನೆಗಳಲ್ಲೂ ಮರದ ಕಂಬದಡಿ ಕಲ್ಲು ಇಡ್ತಿದ್ರು.

ನಾವೀಗ ರಿಪೇರಿ ಅಂತ ನೆಲ ಎತ್ತರಿಸಿ, ಪೀಠ ಮುಚ್ಚೋ ಹಾಗೆ ಸಿಮೆಂಟ್ ಹಾಕ್ತೀವಿ. ತೇವ ಒಳಗೇ ಉಳಿದು ಕಂಬ ಬುಡದಿಂದ ಕೊಳೆಯುತ್ತೆ. ಕೊನೆಗೆ "ಮನೆ ಹಳೇದಾಯ್ತು" ಅಂತ ಕೆಡವ್ತೀವಿ.

ಅಜ್ಜಿ ಮನೇಲಿ ಕೆಲಸ ಶುರುವಾದ್ರೆ ಮೇಸ್ತ್ರಿಗೆ ಒಂದೇ ಮಾತು ಹೇಳಿ: ಪೀಠ ಮುಚ್ಚಬೇಡಿ.