ಕೊನೇ ಸರದಿಯವನ ಲೆಕ್ಕ: ಇಸ್ಪೀಟು ಕೋರ್ಟಿಗೆ ಹೋದ ಕಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೇಳ್ತಿರೋ ಗೆಳೆಯರಿಗೆ ಯುಗಾದಿ ಇಸ್ಪೀಟು ಹೊಸದೇನಲ್ಲ. ಅಂದರ್ ಬಾಹರ್‌ನಲ್ಲಿ ಎಲೆ ಒಳಗೆ ಬಿತ್ತಾ, ಹೊರಗೆ ಬಿತ್ತಾ, ಅಷ್ಟೇ. ಆದ್ರೆ ಮೊಬೈಲಿಗೆ ಪೋಕರ್ ಬಂದಾಗ ಜೊತೆಗೊಂದು ಮಾತೂ ಬಂತು: ಇದು ಜೂಜಲ್ಲ, ಕೌಶಲದ ಆಟ. ಈ ಮಾತು ಬಂದಿದ್ದು ಎಲ್ಲಿಂದ?

ಕೋರ್ಟಿನಿಂದ. 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟ್, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂದಿತು. ಮೂರೆಲೆಯ ಫ್ಲಶ್ ಬರೀ ಅದೃಷ್ಟ ಎಂದೂ ಅದೇ ತೀರ್ಪು ಹೇಳಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಕೌಶಲದ ಆಟಕ್ಕೆ ವಿನಾಯಿತಿ ಇತ್ತು. 2013ರಲ್ಲಿ ನಮ್ಮ ಹೈಕೋರ್ಟ್, ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಎಂದಿತು.

ಆ ಕೌಶಲ ಹೇಗಿರುತ್ತೆ? ನೀವು ಕೊನೇ ಸರದಿಯವರು, ಮೊದಲೇ ರೇಸ್ ಮಾಡಿದ್ದೀರಿ, ಒಬ್ಬ ಮಾತ್ರ ಜೊತೆಗೆ ಬಂದಿದ್ದಾನೆ. ಮೇಜಿನ ಮೇಲೆ ಮೂರೆಲೆ ಬಿಚ್ಚಿದ್ರು: ರಾಜ, ಏಳು, ಏಳು. ಅವನು ದುಡ್ಡು ಹಾಕದೆ ಚೆಕ್ ಅಂದ. ನಿಮ್ಮ ಕೈಲಿ ರಾಜನೂ ಇಲ್ಲ, ಏಳೂ ಇಲ್ಲ. ಆದ್ರೆ ಯಾವುದೋ ಎರಡೆಲೆ ಹಿಡಿದವನ ಹತ್ರ ಅವು ಇರೋ ಸಾಧ್ಯತೆಯೂ ನೂರಕ್ಕೆ 20ರಷ್ಟೇ. ಏಳು ಇರೋದು 8ರಷ್ಟು. ₹300 ಇರೋ ಪಾಟ್‌ಗೆ ₹100 ಹಾಕಿದ್ರೆ, ನಾಲ್ಕರಲ್ಲಿ ಒಂದು ಸಲ ಅವನು ಎಲೆ ಬಿಟ್ಟರೂ ನಿಮಗೆ ನಷ್ಟವಿಲ್ಲ. ಅವನು ಮೊದಲು ಆಡಬೇಕು, ನೀವು ನೋಡಿ ಆಡ್ತೀರಿ. ಕೊನೇ ಸರದಿಯ ಬಲ ಇದೇ. ಹಾಗಂತ ಅವನು ತಿರುಗಿ ರೇಸ್ ಮಾಡಿದ್ರೆ ಸುಮ್ಮನೆ ಎಲೆ ಬಿಡೋದೇ ಜಾಣತನ. ನಿಮ್ಮ ರೇಸಿಗೆ ದುಡ್ಡು ಹಾಕಿ ಬಂದವನ ಕೈ ಖಾಲಿ ಇರುತ್ತೆ ಅನ್ನೋ ಹಾಗಿಲ್ಲ.

ಅಂದ್ರೆ ಕೌಶಲ ಇದೆ, ಸುಳ್ಳಲ್ಲ. ಆದ್ರೆ ಯಾರ ಕೌಶಲ? ಅಂದರ್ ಬಾಹರ್‌ನಲ್ಲಿ ಹಳಬ, ಹೊಸಬ ಇಬ್ಬರಿಗೂ ಅದೃಷ್ಟ ಒಂದೇ. ಪೋಕರ್‌ನಲ್ಲಿ ಈ ಲೆಕ್ಕ ಗೊತ್ತಿಲ್ಲದವನ ದುಡ್ಡು ಗೊತ್ತಿರೋನ ಕಡೆಗೆ ನಿಧಾನಕ್ಕೆ ಹರಿಯುತ್ತೆ. ದುಡ್ಡಿನ ಆಟ ನಡೆಸೋ ಆ್ಯಪ್ ನಡುವೆ ತನ್ನ ಕಮಿಷನ್ ತಗೊಳ್ಳುತ್ತೆ. ಆಟದಲ್ಲಿ ಕೌಶಲ ಹೆಚ್ಚಿದಷ್ಟೂ ಹೊಸಬನಿಗೆ ಅಪಾಯವೂ ಹೆಚ್ಚು.

2021ರಲ್ಲಿ ರಾಜ್ಯ ಸರ್ಕಾರ ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧ ರದ್ದು ಮಾಡಿತು. ಕೌಶಲದ ವಾದವೇ ಗೆದ್ದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪ್ರಶ್ನೆಯನ್ನೇ ಬದಲಿಸಿತು: ಕೌಶಲವೋ ಅದೃಷ್ಟವೋ ಬೇಡ, ಆನ್‌ಲೈನ್ ಆಟದಲ್ಲಿ ದುಡ್ಡು ಕಟ್ಟುವಂತಿಲ್ಲ.

ಇನ್ನು ಯಾರಾದ್ರೂ ಇದು ಕೌಶಲದ ಆಟ ಕಣೋ, ಬಾ ಅಂದ್ರೆ, ಒಂದೇ ಮಾತು ಕೇಳಿ: ಕೌಶಲ ನಿಂದೋ, ನಂದೋ?