ಹೊಳೆ ಬತ್ತಿದಾಗ, ಹೊತ್ತು ಮುಳುಗಿದಾಗ

1902ನೆಯ ಇಸವಿಯ ಜೂನ್ ತಿಂಗಳ ಕೊನೆಯ ದಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರದ ತಂತಿ ಅಂದು ಲೋಕದಲ್ಲಿಯೇ ಅಪರೂಪ. ಯೋಜನೆಯನ್ನು ಕೈಗೆತ್ತಿಕೊಂಡ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದರ ಫಲವನ್ನು ಕಾಣಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ, ಹಳ್ಳಿಗಳ ಸರದಿ ಬಹಳ ತಡವಾಗಿ. ಈ ಕ್ರಮವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಂಡಿರಬೇಕು.

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಆದರೆ ಅದರ ಎರಡನೆಯ ಅಧ್ಯಾಯವನ್ನು ಅಷ್ಟಾಗಿ ಹೇಳುವುದಿಲ್ಲ. ಕಾವೇರಿ ಮಳೆಗಾಲದ ನದಿ. ಆಷಾಢದಲ್ಲಿ ಬಂಡೆಗಳನ್ನು ಮುಳುಗಿಸಿ ಧುಮುಕುವ ನೀರು ಬೇಸಗೆಯಲ್ಲಿ ಸಣ್ಣ ಝರಿಗಳಾಗಿ ಇಳಿಯುತ್ತದೆ. ಗಣಿಯ ಯಂತ್ರಗಳಿಗೆ ಮಾತ್ರ ಬೇಸಗೆಯೆಂಬುದಿಲ್ಲ. ಭೂಮಿಯ ಒಳಗಿಂದ ನೀರೆತ್ತುವುದನ್ನು, ಗಾಳಿ ಊದುವುದನ್ನು ಅವು ಒಂದು ದಿನವೂ ನಿಲ್ಲಿಸುವಂತಿರಲಿಲ್ಲ. ವಿದ್ಯುತ್ತನ್ನು ಹುಟ್ಟಿಸುವುದು ಒಂದು ಸಮಸ್ಯೆ, ಬೇಕಾದ ಹೊತ್ತಿಗೆ ಅದನ್ನು ಒದಗಿಸುವುದು ಬೇರೆಯೇ ಸಮಸ್ಯೆ ಎಂಬುದು ಮೈಸೂರು ಸರ್ಕಾರಕ್ಕೆ ಕೆಲವೇ ವರ್ಷಗಳಲ್ಲಿ ಮನದಟ್ಟಾಯಿತು. ವಿಶ್ವೇಶ್ವರಯ್ಯನವರ ಕನ್ನಂಬಾಡಿ ಅಣೆಕಟ್ಟನ್ನು ನಾವು ಮಂಡ್ಯದ ಕಬ್ಬು ಭತ್ತಗಳೊಡನೆ ಸೇರಿಸಿ ನೆನೆಯುತ್ತೇವಷ್ಟೆ. 1911ರಲ್ಲಿ ಆ ಕೆಲಸ ಆರಂಭವಾದಾಗ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಒದಗಿಸುವುದೂ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಮದರಾಸಿನೊಡನೆ ತಕರಾರು ಬೆಳೆದು 1924ರ ಒಪ್ಪಂದದವರೆಗೆ ಹೋಯಿತು. ಹಳೆಯ ಕನ್ನಂಬಾಡಿ ಊರು, ಅದರ ವೇಣುಗೋಪಾಲಸ್ವಾಮಿಯ ಗುಡಿ ನೀರಿನ ಕೆಳಗೆ ಹೋದವು.

ಶರಾವತಿಯಲ್ಲಿ ಇದೇ ಕಥೆ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿದೆ. ಜೋಗದ ಬುಡದಲ್ಲಿ 1948ರಲ್ಲಿ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದರ ನೀರಿಗಾಗಿ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ಅದೂ ಸಾಲದೆ 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು. ಅದರ ಹಿನ್ನೀರು ಹಳೆಯ ಅಣೆಕಟ್ಟನ್ನೇ ನುಂಗಿಬಿಟ್ಟಿತು. ನೀರು ಇಳಿದ ಬೇಸಗೆಗಳಲ್ಲಿ ಅದು ಈಗಲೂ ಮೇಲೆದ್ದು ಕಾಣುತ್ತದೆ. ಅಡಿಕೆ ತೋಟಗಳು, ಗದ್ದೆಗಳು, ಊರುಗಳು ಮುಳುಗಿದವು. ನಾ. ಡಿಸೋಜರ ‘ದ್ವೀಪ’ವನ್ನು ಓದಿದವರಿಗೆ ನಾನು ಹೆಚ್ಚು ಹೇಳಬೇಕಾದುದಿಲ್ಲ. ಕಥೆಗಾರರು ಹೇಳದೆ ಬಿಟ್ಟ ಒಂದು ಒಣ ಸಂಗತಿಯಿದೆ: ಎಬ್ಬಿಸಿದವರನ್ನು ಕಾಡಿನ ಅಂಚಿನ ಭೂಮಿಗಳಲ್ಲಿ ಕೂರಿಸಿದರಾದರೂ, ಆ ಭೂಮಿಯ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ತೀರಿಲ್ಲ. ಆ ಕಣಿವೆಯ ನೀರಿನಿಂದ ಬೆಂಗಳೂರಿನ ಕಾರ್ಖಾನೆಗಳು ನಡೆದವು.

ಇಷ್ಟರಲ್ಲಿ ದೇಶದ ಹೆಚ್ಚಿನ ಭಾಗ ನಡೆದುದು ನೀರಿನಿಂದಲ್ಲ, ಕಲ್ಲಿದ್ದಲಿನಿಂದ. ರಾಣಿಗಂಜಿನಲ್ಲಿ 1774ರಲ್ಲಿ ತೊಡಗಿದ ಆ ಅಗೆತ ಇಂದಿಗೂ ನಿಂತಿಲ್ಲ; 2024-25ರಲ್ಲಿ ಭಾರತ 100 ಕೋಟಿ ಟನ್ನಿಗೂ ಮಿಕ್ಕು ಕಲ್ಲಿದ್ದಲನ್ನು ತೆಗೆಯಿತು. ಕಲ್ಲಿದ್ದಲು ಅಗ್ಗವೆಂದು ಅದನ್ನು ಬಿಡಲಾರೆವೆಂದು ಹೇಳುವರು. ನನಗೆ ತೋರುವುದು ಬೇರೆ. ಕಲ್ಲಿದ್ದಲು ತಾನೇ ಒಂದು ಜಲಾಶಯವಿದ್ದ ಹಾಗೆ. ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲನ್ನು ಪ್ರಕೃತಿಯೇ ಕೂಡಿಟ್ಟಿದೆ. ಅಂಗಳದಲ್ಲಿ ರಾಶಿ ಹಾಕಿಕೊಂಡು ನಡುರಾತ್ರಿಯಲ್ಲಿಯೂ ಉರಿಸಬಹುದು. ಅಣೆಕಟ್ಟು ಬೇಡ. ರಾಯಚೂರಿನಲ್ಲಿ 1985ರಲ್ಲಿ ಶಾಖೋತ್ಪನ್ನ ಸ್ಥಾವರ ತೊಡಗಿದುದು ಇದೇ ಕಾರಣದಿಂದ: ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲವಿದ್ಯುತ್ತನ್ನೇ ನಂಬಿದ ರಾಜ್ಯ ಕತ್ತಲಲ್ಲಿ ಕೂರಬೇಕಾಗುತ್ತಿತ್ತು.

ಎಣ್ಣೆಯೂ ಹೀಗೆ ಕೂಡಿಟ್ಟ ಬಿಸಿಲೇ. ಆದರೆ ಅದರ ಕೀಲಿಕೈ ಪರರ ಸೊಂಟದಲ್ಲಿದೆ. 1973ರ ಯುದ್ಧದ ತರುವಾಯ ಪೀಪಾಯಿಯ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು 3 ಡಾಲರಿನಿಂದ 12ರ ಹತ್ತಿರಕ್ಕೆ ಏರಿತು. ಮರುವರ್ಷ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು ನಮ್ಮ ಪುಣ್ಯ. 1991ರಲ್ಲಿ ಕೊಲ್ಲಿ ಯುದ್ಧದಿಂದ ಎಣ್ಣೆ ದುಬಾರಿಯಾಗಿ, ಬೇರೆ ಕಾರಣಗಳೂ ಕೂಡಿ, ವಿದೇಶಿ ವಿನಿಮಯ ಬರಿದಾದಾಗ ಸರ್ಕಾರ ಸುಮಾರು 47 ಟನ್ ಚಿನ್ನವನ್ನು ಪರದೇಶದಲ್ಲಿ ಅಡವಿಟ್ಟಿತು. ಕೋಲಾರದ ಚಿನ್ನ ಒಂದು ಕಾಲಕ್ಕೆ ಲಂಡನ್ನಿನ ಒಡೆಯರಿಗೆ ಹೋಗುತ್ತಿತ್ತು. ಈ ಸಲ ಬ್ಯಾಂಕಿನ ಚಿನ್ನ ಲಂಡನ್ನಿಗೆ ಹೊರಟಿತು. ಆ ಗಣಿಗಳೇ 2001ರಲ್ಲಿ ಮುಚ್ಚಿದವು. ಇಂದಿಗೂ ನಾವು ಉಪಯೋಗಿಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಮಿಕ್ಕು ಪಾಲು ಹೊರಗಿನದು.

ಈಗ ಬಿಸಿಲಿನ ಯುಗ ಬಂದಿದೆಯೆನ್ನುತ್ತಾರೆ, ಸುಳ್ಳಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವ ಮಾತು ಕೊಟ್ಟಿತು. 2025ರಲ್ಲಿ ನಮ್ಮ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳ ಹೊರಗಿನದಾಯಿತು. ಆದರೆ ವಾಸ್ತವವಾಗಿ ಹರಿಯುವ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಈಗಲೂ ಕಲ್ಲಿದ್ದಲಿನದೇ. ಈ ಎರಡು ಅಂಕಿಗಳ ನಡುವಿನ ಕಂದಕವನ್ನು ಗಮನಿಸಬೇಕು. ಸೂರ್ಯನಿಗೂ ಬೇಸಗೆಯಿದೆ, ಅದು ಪ್ರತಿದಿನ ಸಂಜೆ ಆರು ಗಂಟೆಗೆ ಬರುತ್ತದೆ. ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತೂ ಅದೇ.

ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ ಬೇಕಾಯಿತು. ಅಲ್ಲಿ ಸರ್ಕಾರ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಕಾಲಕಾಲಕ್ಕೆ ಏರುವಂತೆ, ಗುತ್ತಿಗೆಗೆ ಹಿಡಿಯಿತು. ಮಳೆಯನ್ನು ಕಾಣದ ಆ ಸೀಮೆಯ ರೈತನಿಗೆ ಅದು ಸಣ್ಣ ಹಣವಲ್ಲ. ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ ಎಂಬುದು ನಿಜ. ಆದರೂ, ಬೆಳಕಿಗಾಗಿ ನೆಲ ಕೊಟ್ಟವನು ನೆಲದ ಒಡೆಯನಾಗಿಯೇ ಉಳಿದುದು ನಮ್ಮ ಈ ಶತಮಾನದ ಚರಿತ್ರೆಯಲ್ಲಿ ಹೊಸದು.

ಹಗಲಿನ ಆ ವಿದ್ಯುತ್ತನ್ನು ಸಂಜೆಗೆ ಹಿಡಿದಿಡುವುದೆಲ್ಲಿ? ಬ್ಯಾಟರಿಗಳಲ್ಲಿ ಎಂದರೆ, ಎಣ್ಣೆಗಾಗಿ ಕೊಲ್ಲಿಯ ಕಡೆ ನೋಡಿದವರು ಇನ್ನು ಚೀನದ ಕಡೆ ನೋಡಬೇಕು. ಸೌರ ಫಲಕಗಳ ತಯಾರಿಕೆಯ ಪ್ರತಿ ಹಂತದಲ್ಲಿಯೂ ಲೋಕದ ಐದರಲ್ಲಿ ನಾಲ್ಕು ಪಾಲು ಈಗಾಗಲೇ ಅವರ ಕೈಯಲ್ಲಿದೆ. ಇನ್ನೊಂದು ದಾರಿ, ಮಧ್ಯಾಹ್ನದ ವಿದ್ಯುತ್ತಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆ ಮತ್ತೆ ಇಳಿಸುವುದು. ಹಾಕಿದ ನೂರರಲ್ಲಿ ಎಪ್ಪತ್ತೈದು ಎಂಬತ್ತು ಹಿಂದಕ್ಕೆ ಬರುತ್ತದೆ. ಅಂಥ 2,000 ಮೆಗಾವಾಟಿನ ಯೋಜನೆಯೊಂದಕ್ಕೆ ಗೊತ್ತುಮಾಡಿದ ಸ್ಥಳ ಮತ್ತೆ ಶರಾವತಿ ಕಣಿವೆಯೇ: ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆಯಿಲ್ಲ ಎಂದು ಒಂದು ಪಕ್ಷ. ಸಿಂಗಳೀಕಗಳ ಕಾಡಿನ ನಡುವೆ ಸುರಂಗ, ರಸ್ತೆಗಳೇಕೆ ಎಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ.

ನಾನು ಇಂಜಿನಿಯರನಲ್ಲ, ಸುರಂಗವನ್ನು ಕೊರೆಯಬೇಕೋ ಬೇಡವೋ ಎಂದು ತೀರ್ಪು ಹೇಳಲಾರೆ. ಆದರೆ ಹಳೆಯ ಕಡತಗಳನ್ನು ಓದುವವನಾಗಿ ಒಂದನ್ನು ಕೇಳಬಲ್ಲೆ. ಪಾವಗಡದ ರೈತನೊಡನೆ ಕೂತು ಕರಾರು ಬರೆದ ಸರ್ಕಾರ, 1964ರಲ್ಲಿ ನೀರಿಗೆ ನೆಲ ಬಿಟ್ಟುಕೊಟ್ಟವರ ಮೊಮ್ಮಕ್ಕಳ ಹಕ್ಕುಪತ್ರಗಳಿಗೆ ಮೊದಲು ರುಜು ಹಾಕಲಿ. ಅಲ್ಲಿಯವರೆಗೆ ಆ ಕಣಿವೆಯವರು ಯಾವ ಹೊಸ ನಕ್ಷೆಯನ್ನು ಕಂಡರೂ ಬೆಚ್ಚಿ ಬೀಳುವುದರಲ್ಲಿ ಆಶ್ಚರ್ಯವಿಲ್ಲ.